ಬಂಪರ್‌ಗೆ ಕಟ್ಟಿದ ಕೂದಲು

ಮೈಸೂರಿನಲ್ಲಿ ಚಿತ್ರಕಲೆ ಓದುವಾಗ ನಮಗೆ ಸಾಮಗ್ರಿ ಅಂದರೆ ಬಣ್ಣದ ಟ್ಯೂಬು, ಕ್ಯಾನ್ವಾಸು, ಟರ್ಪಂಟೈನು ಅಷ್ಟೇ. ತಿಂಗಳ ಕೊನೆಗೆ ಟ್ಯೂಬನ್ನು ಮಡಚಿ ಮಡಚಿ ಹಿಂಡುತ್ತಿದ್ದೆವು. ಇನ್‌ಸ್ಟಲೇಶನ್, ಅಂದರೆ ಸಿಕ್ಕ ವಸ್ತುಗಳನ್ನೇ ಒಂದು ಜಾಗದಲ್ಲಿ ಜೋಡಿಸಿಡುವ ಕಲೆ, ಎಲ್ಲ ದುಡ್ಡಿದ್ದವರ ಆಟ ಅಂತ ಹಾಸ್ಟೆಲಿನಲ್ಲಿ ಮಾತು.

ಒಂದು ಮಧ್ಯಾಹ್ನ ಮೇಷ್ಟ್ರು ಪ್ರೊಜೆಕ್ಟರ್ ಹಾಕಿ ಕಲಾವಿದೆ ಶೀಲಾ ಗೌಡರ ‘ಬಿಹೋಲ್ಡ್’ ತೋರಿಸಿದರು. ಇಟಲಿಯ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿನಾಲೆಯಲ್ಲಿ 2009ರಲ್ಲಿ ಇಟ್ಟಿದ್ದ ಕೆಲಸ. ಗೋಡೆಯಿಂದ ಕಪ್ಪು ಹಗ್ಗ ಇಳಿದು ನೆಲದಲ್ಲಿ ರಾಶಿ ಬಿದ್ದಿದೆ. ಅದೇ ಹಗ್ಗದಲ್ಲಿ ಕಾರಿನ ಬಂಪರ್‌ಗಳು ನೇತಾಡುತ್ತಿವೆ.

“ಹಗ್ಗ ಯಾವುದರದ್ದು ಹೇಳ್ರೋ?”

ಉಣ್ಣೆ ಅಂದರು, ನಾರು ಅಂದರು. ಹಿಂದಿನ ಸಾಲಿನಲ್ಲಿದ್ದ ಲಾರಿ ಡ್ರೈವರ್ ಮಗ ಮಾತ್ರ, “ಕೂದ್ಲು ಸಾರ್. ದೃಷ್ಟಿ ಆಗಬಾರ್ದು ಅಂತ ನಮ್ಮ ಗಾಡಿಗೂ ಕಟ್ಟಿದೀವಿ” ಅಂದ.

ಅವನು ಹೇಳಿದ್ದೇ ಸರಿ. ಸುಮಾರು ನಾಲ್ಕು ಸಾವಿರ ಮೀಟರ್ ಕೂದಲ ಹಗ್ಗ! ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಲ್ಲಿ ಉದ್ದದ್ದು ವಿಗ್ ಮಾಡುವವರಿಗೆ ಹೋಗುತ್ತೆ, ಗಿಡ್ಡದ್ದು ಹೀಗೆ ಹಗ್ಗವಾಗುತ್ತೆ. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕೆಲಸ ಮಾಡುವ ಕಲಾವಿದೆ ರಸ್ತೆಯಲ್ಲಿ ಕಂಡದ್ದನ್ನೇ ಎತ್ತಿಕೊಂಡಿದ್ದರು.

ಸಂಜೆ ನಾನು ಸುಮ್ನೆ ಲಾರಿಗಳು ನಿಲ್ಲುವ ಕಡೆ ಹೋದೆ. ಬಗ್ಗಿ ನೋಡಿದರೆ ಹಗ್ಗ ಕಪ್ಪೇ ಅಲ್ಲ. ಧೂಳು, ಗ್ರೀಸು ಕೂತು ಕಂದು ಬಣ್ಣಕ್ಕೆ ತಿರುಗಿತ್ತು. ಎಳೆಗಳ ನಡುವಿಂದ ಕೂದಲ ತುದಿಗಳು ಮುಳ್ಳಿನ ಹಾಗೆ ಹೊರಗೆ ಚಾಚಿದ್ದವು. ಮುಟ್ಟಿದರೆ ಚುಚ್ಚುತ್ತಿತ್ತು. “ಏನ್ ತಮ್ಮಾ, ಏನ್ ಹುಡುಕ್ತಿದೀಯಾ?” ಅಂತ ಮೇಲಿಂದ ಡ್ರೈವರ್ ಕೇಳಿದರು. ಹೇಳೋದೇನು? ನಕ್ಕು ಬಂದೆ.

ಆಮೇಲೆ ಲೈಬ್ರರಿಯ ಕ್ಯಾಟಲಾಗುಗಳೇ ಗತಿ. 1990ರ ದಶಕದ ಶುರುವಿನಲ್ಲೇ ಶೀಲಾ ಪೇಂಟಿಂಗಿನಿಂದ ಸಗಣಿಯತ್ತ ಹೊರಳಿದ್ದರು. 2006ರ ‘ಡಾರ್ಕ್‌ರೂಮ್’ ಟಾರ್ ಡ್ರಮ್ಮುಗಳ ಗೂಡು. ಒಳಗೆ ತೆವಳಿ ಹೋದರೆ ತಗಡಿನ ಸಣ್ಣ ತೂತುಗಳಿಂದ ನಕ್ಷತ್ರದಂತೆ ಬೆಳಕು. ರಸ್ತೆ ಕೆಲಸದವರು ಇದೇ ಡ್ರಮ್ಮು ಬಿಚ್ಚಿ ಗುಡಿಸಲು ಕಟ್ಟಿಕೊಳ್ಳುವುದನ್ನು ನಾವು ನೋಡಿಲ್ವಾ? ಕೋಟೇಶ್ವರದ ಕಲಾವಿದ ಎಲ್.ಎನ್. ತಲ್ಲೂರ್ ಮರದ ದಿಮ್ಮಿ ಇಟ್ಟು, ಬಂದವರ ಕೈಯಲ್ಲೇ ಅದರೊಳಗೆ ಮೊಳೆಯಂತೆ ನಾಣ್ಯ ಹೊಡೆಸಿದ್ದಾರೆ. ಇನ್ನೊಬ್ಬ ಕಲಾವಿದ ಸುಬೋಧ್ ಗುಪ್ತಾ ಸ್ಟೀಲ್ ಪಾತ್ರೆಗಳಲ್ಲಿ ದೊಡ್ಡ ತಲೆಬುರುಡೆ ಮಾಡಿದ್ದಾರೆ. ಅಬ್ಬಾ ಅನಿಸುತ್ತೆ. ನನಗಂತೂ ಅಲ್ಲಿಗೇ ಮುಗಿಯುತ್ತೆ. ಆ ಪಾತ್ರೆಯಲ್ಲಿ ಯಾರೂ ಉಂಡ ಗುರುತಿಲ್ಲ.

ಜಾಸ್ತಿ ಕಾಡಿದ್ದು ಶೀಲಾ ಅವರ ಸೂಜಿದಾರದ ಕೆಲಸ. ನೂರಾರು ಅಡಿ ದಾರವನ್ನು ಸೂಜಿಕಣ್ಣಲ್ಲಿ ಪೋಣಿಸಿ ಎಳೆದು, ಅಂಥ ಎಷ್ಟೋ ಎಳೆಗಳನ್ನು ಅಂಟು, ಕುಂಕುಮ ಹಚ್ಚಿ ಒಂದೇ ಹಗ್ಗ ಮಾಡಿದ್ದರು. ರೂಮಿನಲ್ಲಿ ನಾನೂ ಹತ್ತು ಎಳೆ ಹಿಡಿದು ಕೂತೆ. ದಾರ ಗಂಟಾಗುತ್ತೆ, ಬಿಡಿಸಬೇಕು. ಅಂಟು ಒಣಗಿದ ಮೇಲೆ ಹಗ್ಗ ತಾನೇ ಬಿರುಸಾಗಿ, ಬಾಗಿಸಿದ ಕಡೆ ಬಾಗಿಯೇ ನಿಲ್ಲುತ್ತೆ. ರೂಮ್‌ಮೇಟ್ ಬಂದವನು ನನ್ನ ಕೆಂಪು ಕೈ ನೋಡಿ, “ಯಾರಿಗೋ ಮಾಟ ಮಾಡಿಸ್ತಿದೀಯಾ?” ಅಂದ.

ಆ ಸೆಮಿಸ್ಟರ್ ಸಬ್‌ಮಿಷನ್‌ಗೆ ಬಣ್ಣ ಕೊಳ್ಳಲಿಲ್ಲ. ಊರಿಗೆ ಫೋನ್ ಮಾಡಿ, ಖಾಲಿ ಯೂರಿಯಾ ಚೀಲ ತೆಗೆದಿಡು ಅಂದೆ. “ತೊಳೆದಿಡ್ಲಾ?” ಅಂತ ಅಮ್ಮ. ಬೇಡಮ್ಮಾ, ಹಂಗೇ ಇರಲಿ ಅಂದೆ. ಬಸ್ಸಿನಲ್ಲಿ ಕಂಡಕ್ಟರ್ ಮೂಗು ಮುಚ್ಚಿಕೊಂಡೇ ಲಗೇಜ್ ಟಿಕೆಟ್ ಹರಿದರು.