ದಿಮ್ಮಿಯಿಂದ ಲಾಗಿನ್‌ವರೆಗೆ

ಮುಂಬಯಿಯ ಫೋರ್ಟಿನಲ್ಲಿರುವ ಕಚೇರಿಯಲ್ಲಿ ದಿನವೂ ಬೆಳಿಗ್ಗೆ ‘ಲಾಗಿನ್’ ಆಗುವ ನಾನು, ನಿನ್ನೆ ಮಾಟುಂಗದ ಮನೆಯಲ್ಲಿ ಮಗಳು “ಅಪ್ಪಾ, ಲಾಗ್ ಎಂದರೆ ಮರದ ದಿಮ್ಮಿಯಲ್ಲವೇ?” ಎಂದು ಕೇಳುವವರೆಗೂ ಆ ಮಾತಿನ ಬೇರನ್ನು ಹುಡುಕಿರಲಿಲ್ಲ. ಹೌದು, ದಿಮ್ಮಿಯೇ. ಹಾಯಿಹಡಗುಗಳ ಕಾಲದಲ್ಲಿ ನಾವಿಕರು ಸಮ ಅಂತರದಲ್ಲಿ ಗಂಟು ಹಾಕಿದ ಹಗ್ಗದ ತುದಿಗೆ ಮರದ ತುಂಡೊಂದನ್ನು ಕಟ್ಟಿ ಹಡಗಿನ ಹಿಂಬದಿಯಿಂದ ನೀರಿಗೆಸೆದು, ಮರಳು ಗಡಿಯಾರದಲ್ಲಿ ಸುಮಾರು 28 ಸೆಕೆಂಡು ಕಳೆಯುವಷ್ಟರಲ್ಲಿ ಎಷ್ಟು ಗಂಟುಗಳು ಕೈಜಾರಿ ಹೋದವೆಂದು ಎಣಿಸಿ ವೇಗವನ್ನು ತಿಳಿಯುತ್ತಿದ್ದರು. ಹಡಗಿನ ವೇಗವನ್ನು ಇಂದಿಗೂ ‘ನಾಟ್’, ಅಂದರೆ ಗಂಟುಗಳಲ್ಲಿ ಹೇಳುವುದು ಅದರಿಂದಲೇ. ಆ ಲೆಕ್ಕವನ್ನು ಬರೆದಿಡುವ ಪುಸ್ತಕ ಲಾಗ್‌ಬುಕ್ ಆಯಿತು, ದಾಖಲಿಸುವುದೇ ಲಾಗ್ ಮಾಡುವುದಾಯಿತು. 1960ರ ದಶಕದಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸತೊಡಗಿದಾಗ, ಬಳಕೆದಾರನು ತನ್ನ ಗುರುತು ತಿಳಿಸಿ ಒಳಸೇರುವುದಕ್ಕೆ ‘ಲಾಗ್ ಇನ್’ ಎಂಬ ಮಾತು ನೆಲೆಯಾಯಿತು. ಇಂಗ್ಲಿಷಿನಲ್ಲಿ ಕ್ರಿಯಾಪದವಾದಾಗ ಅದು ಎರಡು ಪದ, ನಾಮಪದವಾದಾಗ ಒಂದೇ ಪದ. ಕನ್ನಡ ಆ ಜೋಡಿಯನ್ನು ಇಡಿಯಾಗಿ ತೆಗೆದುಕೊಂಡು ‘ಆಗು’ ಸೇರಿಸಿ ತನ್ನದಾಗಿಸಿಕೊಂಡ ರೀತಿ ನನಗೆ ಬಹಳ ಇಷ್ಟ. ಇಂದು ಊಟದ ಬಿಡುವಿನಲ್ಲಿ ಗೇಟ್‌ವೇ ಬಳಿ ನಿಂತು ದೂರದ ಹಡಗುಗಳನ್ನು ನೋಡುವಾಗ, ಆ ಗಂಟಿನ ಹಗ್ಗವೇ ಕಣ್ಣ ಮುಂದೆ ಬಿಚ್ಚಿಕೊಳ್ಳುತ್ತಿತ್ತು.