ದಶಮಾಂಶ ಲೆಕ್ಕ ಹಾಕುವುದು ಯಾವ ಸಂಬಳದ ಮೇಲೆ?

ಹೊಸದಾಗಿ ಕೆಲಸಕ್ಕೆ ಸೇರಿದ ಕ್ರೈಸ್ತ ಸಭೆಯ ಹುಡುಗ ಹುಡುಗಿಯರು ತಪ್ಪದೆ ಕೇಳುವ ಪ್ರಶ್ನೆ: ದಶಮಾಂಶವನ್ನು, ಅಂದರೆ ದೇವರಿಗೆಂದು ಕೊಡುವ ಆದಾಯದ ಹತ್ತನೇ ಒಂದು ಪಾಲನ್ನು, ಕೈಗೆ ಬರುವ ಸಂಬಳದ ಮೇಲೆ ಕೊಡಬೇಕಾ, ಪಿಎಫ್, ತೆರಿಗೆ ಕಡಿತಕ್ಕೆ ಮುಂಚಿನ ಸಂಬಳದ ಮೇಲಾ?

ಯಾವುದಾದರೂ ಸರಿ, ಆದರೆ ತಿಂಗಳಿಗೊಂದು ಲೆಕ್ಕ ಬೇಡ. ಕೈಗೆ ಬಂದದ್ದರ ಮೇಲೆ ಕೊಡುವವರು ಮುಂದೆ ಪಿಎಫ್ ಹಣ ಬಂದಾಗ ಅದರಲ್ಲೂ ತೆಗೆಯಬೇಕಾಗುತ್ತದೆ. ಇದನ್ನು ಬಹಳ ಜನ ಮರೆತುಬಿಡುತ್ತಾರೆ. ಅಂಗಡಿ ಇಟ್ಟವರು ವ್ಯಾಪಾರದ ಮೊತ್ತ ಬಿಟ್ಟು ಲಾಭ ನೋಡಿಕೊಂಡರೆ ಸಾಕು.

ಹತ್ತರಲ್ಲಿ ಒಂದು ಕೊಟ್ಟರೆ ಲೆಕ್ಕ ಚುಕ್ತಾ ಅನ್ನುವ ನಂಬಿಕೆ ಎಲ್ಲಿಂದ ಬಂತೋ, ಬೈಬಲಿನ ಮೋಶೆಯ ಧರ್ಮಶಾಸ್ತ್ರದಲ್ಲಂತೂ ಅದು ಅಷ್ಟು ಸುಲಭವಿಲ್ಲ. ಅರಣ್ಯಕಾಂಡ 18ರಲ್ಲಿ ದಶಮಾಂಶ ದೇವರ ಗುಡಾರದ ಸೇವೆ ಮಾಡುವ ಲೇವಿ ಕುಲದವರಿಗೆ. ಅವರೂ ಅದರ ಹತ್ತನೇ ಒಂದನ್ನು ಯಾಜಕರಿಗೆ ಕೊಡಬೇಕು. ಧರ್ಮೋಪದೇಶಕಾಂಡ 14ರಲ್ಲಿ ದಶಮಾಂಶವನ್ನು ಹಬ್ಬಕ್ಕೆ ಒಯ್ದು ಮನೆಯವರೆಲ್ಲ ಕೂತು ಉಣ್ಣಬೇಕು, ಮೂರನೇ ವರ್ಷದ್ದು ಊರಲ್ಲೇ ಪರದೇಶಿ, ಅನಾಥ, ವಿಧವೆಯರಿಗೆ. ಇದೆಲ್ಲ ಸೇರಿದರೆ ಹತ್ತಕ್ಕಿಂತ ಹೆಚ್ಚಾಗುತ್ತದೆ ಎಂದು ಎಣಿಸುವವರೂ ಇದ್ದಾರೆ. ಇದರ ಮೇಲೆ ಯಾಜಕಕಾಂಡ 19: ಹೊಲದ ಅಂಚು ಕೊಯ್ಯಬೇಡ, ಬಿದ್ದ ತೆನೆ ಆರಿಸಬೇಡ, ಅದು ಬಡವರದು.

ಇನ್ನು ಉಳಿದ ತೊಂಬತ್ತು. ಅಪಾಯ ಇರುವುದು ಅಲ್ಲಿ. ಲೂಕ 12ರ ಐಶ್ವರ್ಯವಂತ ಕದ್ದವನಲ್ಲ, ಯಾರಿಗೂ ಮೋಸ ಮಾಡಿದನೆಂದೂ ಬರೆದಿಲ್ಲ. ಭೂಮಿ ಚೆನ್ನಾಗಿ ಬೆಳೆಯಿತು, ಅಷ್ಟೇ. ನನ್ನ ಬೆಳೆ, ನನ್ನ ಕಣಜ, ನನ್ನ ಪ್ರಾಣ ಅಂತ ಅವನು ಮಾತಾಡುವುದೂ ತನ್ನ ಜೊತೆಗೇ. ಅದೇ ರಾತ್ರಿ ಸಾಯುತ್ತಾನೆ. ನಾಲ್ಕನೇ ಶತಮಾನದ ಬರಗಾಲದ ಕಾಲದಲ್ಲಿ, ಇಂದಿನ ಟರ್ಕಿಯಲ್ಲಿರುವ ಕೈಸರೈಯದ ಕ್ರೈಸ್ತ ಗುರು ಬೇಸಿಲ್ ಈ ಭಾಗವನ್ನೇ ಹಿಡಿದು ಪ್ರಸಂಗ ಮಾಡಿದ. ಪೆಟ್ಟಿಗೆಯಲ್ಲಿರುವ ಬಟ್ಟೆ ಬಟ್ಟೆಯಿಲ್ಲದವನದು, ಮೂಲೆಯಲ್ಲಿ ಕೊಳೆಯುವ ಚಪ್ಪಲಿ ಬರಿಗಾಲಿನವನದು ಅನ್ನುವುದು ಅವನ ವಾದ. ಕೊಡದೆ ಇಟ್ಟುಕೊಂಡದ್ದನ್ನು ಅವನು ಕಳವಿನ ಪಟ್ಟಿಗೇ ಸೇರಿಸುತ್ತಾನೆ.

ಲೆಕ್ಕದಲ್ಲಿ ನೋಡಿ. ಸಂಬಳ 40,000, ಕಾಣಿಕೆ 4,000, ಮನೆಗೆ 36,000. ಕೆಲವು ವರ್ಷಕ್ಕೆ ಸಂಬಳ 80,000 ಆಯಿತು. ಕಾಣಿಕೆ 8,000, ಮನೆಗೆ 72,000. ಶೇಕಡಾವಾರು ಒಂದಿಷ್ಟೂ ತಪ್ಪಿಲ್ಲ, ಮನೆಯ ಖರ್ಚು ಮಾತ್ರ ಸದ್ದಿಲ್ಲದೆ ಎರಡರಷ್ಟಾಗಿದೆ. ಮೆಥೊಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ 18ನೇ ಶತಮಾನದಲ್ಲಿ ಕೊಟ್ಟ ಉದಾಹರಣೆ ಬೇರೆ: ಒಬ್ಬನ ಆದಾಯ 30 ಪೌಂಡ್, ಖರ್ಚು 28, ದಾನ 2. ಮುಂದಿನ ವರ್ಷಗಳಲ್ಲಿ ಆದಾಯ 60, 90, 120 ಆಯಿತು. ಖರ್ಚು ಮಾತ್ರ ಅದೇ 28, ಮಿಕ್ಕಿದ್ದು ದಾನ. ನಮ್ಮ ಬೆಲೆ ಏರಿಕೆಯಲ್ಲಿ, ಮಕ್ಕಳ ಫೀಸಿನಲ್ಲಿ ಅದು ಹಾಗೇ ನಡೆಯದು. ಆದರೆ ಇಂಕ್ರಿಮೆಂಟ್ ಬಂದಾಗ ಹೆಚ್ಚಿದ ಹಣದಲ್ಲಿ ಎಷ್ಟು ಮನೆಗೆ ಅಂತ ಮೊದಲ ತಿಂಗಳೇ ನಿರ್ಧರಿಸಿ. ಆರು ತಿಂಗಳು ಬಿಟ್ಟರೆ ಅದು ಇಎಂಐ ಆಗಿರುತ್ತದೆ.

ಸಂಬಳದ ದಿನವೇ ಪಾಲನ್ನು ಬೇರೆ ಖಾತೆಗೆ ಹಾಕಿ. ತಿಂಗಳ ಕೊನೆಗೆ ಉಳಿದದ್ದು ಕೊಡೋಣ ಅಂದರೆ ಉಳಿಯುವುದಿಲ್ಲ. ಪೌಲನೂ 1 ಕೊರಿಂಥ 16ರಲ್ಲಿ ವಾರದ ಮೊದಲ ದಿನವೇ ಎತ್ತಿಡಲು ಹೇಳಿದ್ದು. ಅದೇ ಖಾತೆಯಿಂದ ಒಂದಿಷ್ಟು ಸಭೆಯ ಹೊರಗೂ ಹೋಗಲಿ.

ಕೆಟ್ಟುಹೋಗುವ ಜಾಗಗಳೂ ಗೊತ್ತಿರಲಿ. ಅಪ್ಪ ಅಮ್ಮನ ಔಷಧಿಗೆ ಇಲ್ಲದ ಹಣ ಕಾಣಿಕೆ ಪೆಟ್ಟಿಗೆಗೆ ಹೋದರೆ, ಮಾರ್ಕ 7ರಲ್ಲಿ ಯೇಸು ಖಂಡಿಸಿದ 'ಕೊರ್ಬಾನ್' (ದೇವರಿಗೆ ಮೀಸಲು ಅಂತ ಹೇಳಿ ತಂದೆತಾಯಿಗೆ ಕೊಡದಿರುವುದು) ಅದೇ. ಮನೆಗೆಲಸದವರ ಸಂಬಳ ತಡಮಾಡಿ ದೊಡ್ಡ ಕಾಣಿಕೆ ಹಾಕುವವರು, ಕೂಲಿ ಹಿಡಿದಿಟ್ಟವರನ್ನು ಖಂಡಿಸುವ ಯಾಕೋಬ 5 ಓದಬೇಕು. 'ಸಾವಿರ ಬಿತ್ತಿ, ಲಕ್ಷ ಕೊಯ್ಯಿರಿ' ಅನ್ನುವ ಪ್ರಸಂಗ ಕೇಳಿ ಕೊಟ್ಟರೆ ಅದು ಬಂಡವಾಳ ಹೂಡಿಕೆ, ಅದೇ ದುರಾಸೆಗೆ ಪಾದ್ರಿಯ ವೇಷ ತೊಡಿಸಿದಂತೆ.

ಸಾಲದಲ್ಲಿರುವವರು? ಕೈಸಾಲ ಮಾಡಿ ದಶಮಾಂಶ ಕೊಡುವುದು ಬೇಡ. ಇತರರಿಗೆ ಸುಲಭ, ನಿಮಗೆ ಕಷ್ಟ ಆಗಲೆಂದು ಹೇಳುತ್ತಿಲ್ಲ ಅಂತ 2 ಕೊರಿಂಥ 8ರಲ್ಲೇ ಇದೆ. ಬಡ್ಡಿ ಕಟ್ಟಿ ಉಳಿದದ್ದರಲ್ಲಿ 50 ರೂಪಾಯಿ ಆದರೂ ತಪ್ಪದೆ ಕೊಡಿ, ಸಾಲ ತೀರಿದ ತಿಂಗಳು ಆ ಕಂತಿನ ಹಣದಿಂದ ಕಾಣಿಕೆಯ ಮೊತ್ತ ಏರಿಸಿ.