ಐದು ಪುಸ್ತಕ ಓದಿದ್ರೆ ಒಂದು ವೋಟು

ನಾವಿರೋ ಅಮೆರಿಕದ ಟೆಕ್ಸಾಸ್‌ನಲ್ಲಿ ಮೂರರಿಂದ ಆರನೇ ಕ್ಲಾಸಿನವರೆಗಿನ ಮಕ್ಕಳಿಗೆ ಒಂದು ವೋಟಿದೆ, ಇಷ್ಟದ ಪುಸ್ತಕಕ್ಕೆ ಹಾಕೋ ವೋಟು. ಬ್ಲೂಬಾನೆಟ್ ಅವಾರ್ಡ್ ಅಂತ. ಇಲ್ಲಿ ವಸಂತದಲ್ಲಿ ಹೈವೇ ಪಕ್ಕ ನೀಲಿಯಾಗಿ ಹರಡಿಕೊಂಡಿರುತ್ತಲ್ಲ, ನಾವೆಲ್ಲ ಮಕ್ಕಳನ್ನ ಅದರ ಮಧ್ಯೆ ಕೂರಿಸಿ ಫೋಟೋ ತೆಗೀತೀವಲ್ಲ, ಅದೇ ಹೂವಿನ ಹೆಸರು. 1979ರಲ್ಲಿ ಶುರುವಾದ ಪ್ರಶಸ್ತಿ, ನಡೆಸೋದು ಟೆಕ್ಸಾಸ್ ಲೈಬ್ರರಿ ಅಸೋಸಿಯೇಷನ್. ಪ್ರತಿ ವರ್ಷ ಲೈಬ್ರರಿಯನ್‌ಗಳ ಒಂದು ಕಮಿಟಿ 20 ಪುಸ್ತಕದ ಲಿಸ್ಟ್ ಮಾಡುತ್ತೆ, ಮಕ್ಕಳು ಅದರಲ್ಲಿ ಕಡಿಮೆ ಅಂದ್ರೂ ಐದು ಓದಬೇಕು, ಜನವರಿಯಲ್ಲಿ ವೋಟು, ಜಾಸ್ತಿ ವೋಟು ಬಿದ್ದ ಪುಸ್ತಕಕ್ಕೆ ಪ್ರಶಸ್ತಿ. ಜ್ಯೂರಿ ಇಲ್ಲ, ವಿಮರ್ಶಕರಿಲ್ಲ, ಲಿಸ್ಟ್ ಮಾಡಿದ ಮೇಲೆ ಆರಿಸೋದ್ರಲ್ಲಿ ದೊಡ್ಡವರ ಕೆಲಸ ಮುಗೀತು.

ನನಗೆ ತುಂಬಾ ಇಷ್ಟವಾಗೋದು ಆ ಐದರ ರೂಲ್. ಒಂದೇ ಪುಸ್ತಕ ಓದಿ ಇದೇ ಬೆಸ್ಟ್ ಅನ್ನೋ ಹಾಗಿಲ್ಲ. 20ಕ್ಕೆ 20 ಮುಗಿಸಲೇಬೇಕು ಅನ್ನೋ ಶಿಕ್ಷೆನೂ ಇಲ್ಲ. ಇನ್ನೊಂದು ಏನಂದ್ರೆ ಮಗು ತಾನೇ ಓದಬೇಕು ಅಂತಿಲ್ಲ, ಯಾರಾದ್ರೂ ಓದಿ ಹೇಳಿದ್ದನ್ನ ಕೇಳಿಸಿಕೊಂಡ್ರೂ ಲೆಕ್ಕಕ್ಕೆ ಬರುತ್ತೆ, ಹಾಗಾಗಿ ಓದೋದು ನಿಧಾನ ಇರೋ ಮಗುಗೂ, ಮೊನ್ನೆ ಮೊನ್ನೆ ಈ ದೇಶಕ್ಕೆ ಬಂದು ಇಂಗ್ಲಿಷ್ ಇನ್ನೂ ತಡವರಿಸ್ತಿರೋ ಮಗುಗೂ ಅದೇ ಒಂದು ವೋಟು.

ನನ್ನ ಮಗಳ ಸ್ಕೂಲಲ್ಲಿ ಓದೋಕೆ ಇನ್ನೊಂದು ಸಿಸ್ಟಮ್ ಕೂಡ ಇದೆ. ಪುಸ್ತಕ ಮುಗಿಸಿ ಕಂಪ್ಯೂಟರಲ್ಲಿ ಕ್ವಿಝ್ ತಗೋಬೇಕು, ಪಾಯಿಂಟ್ ಬರುತ್ತೆ. ನಾಯಿಮರಿಯ ಬಣ್ಣ ಯಾವುದು, ಹುಡುಗ ಯಾವ ವಾರ ಅಜ್ಜಿ ಮನೆಗೆ ಹೋದ, ಹೀಗೆ. ಅವಳು ಪಾಯಿಂಟ್ ಏನೋ ಚೆನ್ನಾಗೇ ತರ್ತಾಳೆ, ಆದ್ರೆ ಪುಸ್ತಕ ಹೇಗಿತ್ತೇ ಅಂದ್ರೆ "ತ್ರೀ ಪಾಯಿಂಟ್ಸ್ ಅಮ್ಮ" ಅಂತಾಳೆ. ಬ್ಲೂಬಾನೆಟ್ ಪುಸ್ತಕ ಕೈಗೆ ಬಂದ್ರೆ ಮಾತ್ರ ಅದೇ ಹುಡುಗಿ ಕಾರಲ್ಲಿ ಹಿಂದೆ ಕೂತು, ಇದರಲ್ಲಿ ಮೊದಲ ಅರ್ಧ ಚೆನ್ನಾಗಿದೆ ಆಮೇಲೆ ಸುಮ್ನೆ ಎಳೆದಿದ್ದಾರೆ, ಆ ಫ್ರೆಂಡ್ ಕ್ಯಾರೆಕ್ಟರ್ ಯಾಕೆ ಬಂದ್ಳೋ ಗೊತ್ತಿಲ್ಲ, ಇದಕ್ಕಂತೂ ನನ್ನ ವೋಟಿಲ್ಲ ಅಂತ ಒಂದೇ ಸಮ ಶುರು ಮಾಡ್ತಾಳೆ. ಒಂದರಲ್ಲಿ ಪುಸ್ತಕ ಇವಳಿಗೆ ಮಾರ್ಕ್ಸ್ ಹಾಕುತ್ತೆ, ಇನ್ನೊಂದರಲ್ಲಿ ಇವಳು ಪುಸ್ತಕಕ್ಕೆ. ನಾವು ಚಿಕ್ಕವರಿದ್ದಾಗ ಕಥೆ ಮುಗೀತು ಅಂದ್ರೆ ಮೇಷ್ಟ್ರು "ಈ ಕಥೆಯ ನೀತಿ ಏನು?" ಅಂತ ಕೇಳೋರು, ಕಥೆ ಹೇಗಿತ್ತು ಅಂತ ಕೇಳಿದವರು ಒಬ್ಬರೂ ನೆನಪಿಲ್ಲ. ಬೋರಾಯ್ತು ಸಾರ್ ಅಂದಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ರು.

ಮಕ್ಕಳಿಗೇನು ಗೊತ್ತಾಗುತ್ತೆ, ನಗು ಬರೋ ಪುಸ್ತಕಕ್ಕೇ ವೋಟ್ ಹಾಕ್ತಾರೆ ಅನ್ನೋರಿದ್ದಾರೆ. ಹಾಕ್ತಾರಪ್ಪ, ಹಾಕಲಿ ಬಿಡಿ. 1982ರಲ್ಲಿ ಬ್ಲೂಬಾನೆಟ್ ಗೆದ್ದಿದ್ದು ಜೂಡಿ ಬ್ಲೂಮ್ ಅವರ 'ಸೂಪರ್‌ಫಡ್ಜ್', ತಂಟೆಕೋರ ತಮ್ಮನ ಕಾಟ ತಡೆಯೋ ಅಣ್ಣನ ಕಥೆ. ಮಕ್ಕಳ ಪುಸ್ತಕಕ್ಕೆ ದೊಡ್ಡವರ ಕಮಿಟಿ 1922ರಿಂದ ಕೊಡ್ತಾ ಬಂದಿರೋ ನ್ಯೂಬೆರಿ ಮೆಡಲ್ ಆಯಮ್ಮನಿಗೆ ಒಂದ್ಸಲವೂ ಬರಲಿಲ್ಲ, ಆದ್ರೆ ಅಮೆರಿಕದಲ್ಲಿ ಮಕ್ಕಳು ಓದಿ ಓದಿ ಹರಿದು ಹಾಕಿದ್ದು ಅವರ ಪುಸ್ತಕಗಳನ್ನೇ. ನ್ಯೂಬೆರಿ ಕೆಟ್ಟದ್ದು ಅಂತಲ್ಲ, ಎರಡೂ ಬೇಕು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದ್ರಲ್ಲೇ ಮಜಾ ಇರೋದು.

ಮಜಾ ಹಾಳು ಮಾಡೋದು ನಮ್ಮಂಥ ಅಪ್ಪ ಅಮ್ಮಂದಿರು! ಲಿಸ್ಟ್ ಬಂತು ಅಂದ್ರೆ ವಾಟ್ಸಾಪ್ ಗ್ರೂಪಲ್ಲಿ ಶುರು, ನಿಮ್ಮವನು ಎಷ್ಟು ಮುಗಿಸಿದ, ನಮ್ಮವಳು ಹದಿನಾಲ್ಕು, ಪಬ್ಲಿಕ್ ಲೈಬ್ರರಿಯಲ್ಲಿ ಎಲ್ಲವನ್ನೂ ಹೋಲ್ಡ್ ಹಾಕಿ ಕಾದಿರಿಸಿದ್ದೀವಿ. ಐದು ಓದೋಕೆ ಹೇಳಿದ್ದನ್ನ ನಾವು ಎಂಟ್ರೆನ್ಸ್ ಎಕ್ಸಾಮ್ ಮಾಡಿ ಇಡ್ತೀವಿ. ಲಿಸ್ಟಲ್ಲಿ ಗ್ರಾಫಿಕ್ ನಾವೆಲ್ ಇದ್ರೆ ಇನ್ನೊಂದು ತಕರಾರು, ಕಾಮಿಕ್ಸ್ ಓದಿದ್ರೆ ಓದಿದ ಹಾಗಾ ಅಂತ. ಚಂದಮಾಮದ ಚಿತ್ರ ನೋಡ್ತಾ ಬೆಳೆದವರು ಈ ಮಾತಾಡ್ತಾರೆ, ಏನು ಹೇಳೋದು.

ಇದೆಲ್ಲ ನಡೆಯೋದು ಸ್ಕೂಲ್ ಲೈಬ್ರರಿಯನ್ ಇದ್ರೆ ಮಾತ್ರ. ಪುಸ್ತಕ ತರಿಸೋದು, ಯಾವ ಮಗು ಎಷ್ಟು ಓದಿದೆ ಅಂತ ನೋಡ್ಕೊಳ್ಳೋದು, ಬ್ಯಾಲೆಟ್ ಪೆಟ್ಟಿಗೆ ಮಾಡೋದು, ಎಣಿಸಿ ಕಳಿಸೋದು, ಎಲ್ಲ ಅವರದ್ದೇ. ಹ್ಯೂಸ್ಟನ್‌ನಲ್ಲಿ 2023ರಲ್ಲಿ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಲೈಬ್ರರಿಯನ್ ಹುದ್ದೆನೇ ತೆಗೆದುಬಿಟ್ರು. 2025ರಲ್ಲಿ ಬಂದ ಟೆಕ್ಸಾಸ್‌ನ ಹೊಸ ಕಾನೂನಿನಲ್ಲಿ ಸ್ಕೂಲ್ ಲೈಬ್ರರಿಗೆ ಪುಸ್ತಕ ತರಿಸೋಕೂ ಸ್ಕೂಲ್ ಬೋರ್ಡಿನ ಒಪ್ಪಿಗೆ ಬೇಕು. ಮಕ್ಕಳಿಗೆ ವೋಟ್ ಕೊಟ್ಟು ಪುಸ್ತಕಗಳನ್ನ ಬಾಗಿಲಲ್ಲೇ ನಿಲ್ಲಿಸಿದ್ರೆ ಏನು ಬಂತು ಹೇಳಿ. ರಾಜಕೀಯ ಬೇಡ ಅಂತ ನಮ್ಮನೆಯವರು ಹೇಳ್ತಿದ್ದಾರೆ, ಇಲ್ಲಿಗೆ ನಿಲ್ಲಿಸ್ತೀನಿ.

ನಮ್ಮ ಕಡೆ ಮಕ್ಕಳ ಪುಸ್ತಕಕ್ಕೆ ಪ್ರಶಸ್ತಿ ಇಲ್ಲದೆ ಇಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಿಂದ ಇದೆ, ಕನ್ನಡಕ್ಕೂ ಕೊಡ್ತಾರೆ, ಆದ್ರೆ ಆರಿಸೋದು ದೊಡ್ಡವರೇ. ವೋಟ್ ಹಾಕೋದು ನಮ್ಮ ಮಕ್ಕಳಿಗೆ ಹೊಸದೂ ಅಲ್ಲ, ಕರ್ನಾಟಕದ ಎಷ್ಟೋ ಶಾಲೆಗಳಲ್ಲಿ ಶಾಲಾ ಸಂಸತ್ ಚುನಾವಣೆ ಜೋರಾಗೇ ನಡೆಯುತ್ತೆ, ನಾಮಪತ್ರ, ಪ್ರಚಾರ, ಬೆರಳಿಗೆ ಇಂಕು ಎಲ್ಲ ಸೇರಿ. ಅದೇ ಪೆಟ್ಟಿಗೆಯನ್ನ ಇನ್ನೊಂದಿನ ಲೈಬ್ರರಿ ಮೂಲೆಗೆ ತಂದಿಟ್ರೆ ಆಯ್ತಲ್ಲ.

ನಾವು ಇಲ್ಲಿ ವೀಕೆಂಡ್ ಕನ್ನಡ ಕ್ಲಾಸಲ್ಲಿ ಸಣ್ಣದಾಗಿ ಮಾಡಿ ನೋಡಿದ್ವಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡ ಪುಸ್ತಕಗಳು ಫ್ರೀಯಾಗಿ ಸಿಗುತ್ತೆ, ಕೆಲವನ್ನ ಪ್ರಿಂಟ್ ಹಾಕಿ, ಎರಡಾದ್ರೂ ಓದಿದವರಿಗೆ ವೋಟು ಅಂದ್ವಿ. ಕನ್ನಡ ಓದೋಕೆ ಬರದ ಪುಟ್ಟವರಿಗೆ ಅಜ್ಜಿ ತಾತಂದಿರು ವಿಡಿಯೋ ಕಾಲಲ್ಲಿ ಓದಿ ಹೇಳಿದ್ರು. ಟೀಚರ್‌ಗಳೆಲ್ಲ ಮೆಚ್ಚಿಕೊಂಡಿದ್ದ ಮರ ನೆಡೋ ಕಥೆಗೆ ಬಿದ್ದಿದ್ದು ಒಂದೇ ವೋಟು, ಅದೂ ಟೀಚರ್ ಮಗನದ್ದು. ಒಬ್ಬ ಹುಡುಗ ಕೇಳಿದ, "ಆಂಟಿ, ಕೊನೇಲಿ ಎಲ್ಲರೂ ಯಾಕೆ ಸಾರಿ ಕೇಳಿ ಒಳ್ಳೆಯವರಾಗಿಬಿಡ್ತಾರೆ? ಫೇಕ್ ಅನ್ಸುತ್ತೆ." ಕನ್ನಡದಲ್ಲಿ ಅವನು ಅಷ್ಟುದ್ದ ಮಾತಾಡಿದ್ದು ನಾನಂತೂ ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮುಂದಿನ ರೌಂಡ್ ದೀಪಾವಳಿ ಆದ್ಮೇಲೆ. ಈ ಸಲ ಲಿಸ್ಟಿಗೆ ಪುಸ್ತಕ ಸೂಚಿಸೋಕೆ ಮಕ್ಕಳನ್ನೂ ಕೂರಿಸ್ಕೊಳ್ತೀವಿ, ಮರ ನೆಡೋ ಕಥೆ ಬೇಡ ಅಂತ ಆಗಲೇ ಹೇಳಿದ್ದಾರೆ.